ಮೂಗಿನ ಆಪರೇಷನ್: ಆಮೇಲಿನ ಆರೈಕೆಯೇ ದೊಡ್ಡ ಕೆಲಸ

ನಮ್ಮ ಶಿರಸಿ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಮೂಗು ಕಟ್ಟುವುದು ಯಾರಿಗೂ ಹೊಸದಲ್ಲ. ನನಗೆ ಮಾತ್ರ ಬಲ ಹೊಳ್ಳೆ ವರ್ಷವಿಡೀ ಬಂದ್. ಕೆನ್ನೆಯನ್ನು ಬೆರಳಲ್ಲಿ ಪಕ್ಕಕ್ಕೆ ಎಳೆದು ಹಿಡಿದರೆ ಉಸಿರು ಸಲೀಸು, ಬಿಟ್ಟರೆ ಮತ್ತೆ ಕಟ್ಟು. ಇಎನ್‌ಟಿ ಡಾಕ್ಟರು ಸಣ್ಣ ಕ್ಯಾಮೆರಾ ಹಾಕಿ ನೋಡಿ, ಮೂಗಿನ ನಡುಗೋಡೆ ಬಲಕ್ಕೆ ವಾಲಿದೆ ಅಂದರು. "ಆಪರೇಷನ್ನಿಂದ ದಾರಿ ನೇರ ಆಗ್ತದೆ, ಅಲರ್ಜಿ ಹೋಗೂದಿಲ್ಲ" ಎಂದು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಮೂಗು ಬಿಡಿಸುವ ಡ್ರಾಪ್ಸನ್ನು ವಾರಗಟ್ಟಲೆ ಹಾಕಿದರೆ ಮೂಗು ಇನ್ನೂ ಜಾಸ್ತಿ ಕಟ್ಟುತ್ತದೆ ಎಂದೂ ತಿಳಿಸಿದರು.

ಅಡಿಕೆ ಕೆಲಸ ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ ಮಾಡಿಸಿಕೊಂಡೆ. ಕೊಯ್ಯುವುದೆಲ್ಲ ಮೂಗಿನ ಒಳಗೇ, ಹೊರಗೆ ಗಾಯ ಕಾಣುವುದಿಲ್ಲ. ಒಳಪೊರೆ ಎತ್ತಿ, ಸೊಟ್ಟಗಿದ್ದ ಮೆದುಮೂಳೆ, ಮೂಳೆ ಸರಿ ಮಾಡಿ, ಪೊರೆಯನ್ನು ಮತ್ತೆ ಕೂರಿಸುತ್ತಾರೆ. ನನಗೆ ಪೂರ್ತಿ ಅರಿವಳಿಕೆ ಕೊಟ್ಟಿದ್ದರು, ಏನೂ ಗೊತ್ತಾಗಲಿಲ್ಲ.

ಕಷ್ಟ ಅನ್ನಿಸಿದ್ದು ಮೊದಲ ರಾತ್ರಿ. ಎರಡೂ ಹೊಳ್ಳೆಗೆ ಪ್ಯಾಕ್, ಅಂದರೆ ರಕ್ತ ನಿಲ್ಲಲೆಂದು ಒಳಗೆ ತುಂಬುವ ಪಟ್ಟಿ. ಎಂಜಲು ನುಂಗಿದಾಗೆಲ್ಲ ಕಿವಿ ಗಪ್ಪೆಂದು ಕಟ್ಟುತ್ತದೆ, ಬಾಯಿ ಒಣಗಿ ನಾಲಿಗೆ ಅಂಟಿಕೊಳ್ಳುತ್ತದೆ. ಎರಡು ದಿಂಬು ಒತ್ತಿಟ್ಟು ಒರಗಿಕೊಂಡು, ಗುಟುಕು ಗುಟುಕು ನೀರು ಕುಡಿಯುತ್ತ ಬೆಳಗು ಮಾಡಿದೆ. ಮನೆಗೆ ಬಂದ ಮೇಲೆ ಆಯಿಯದು ಒಂದೇ ಮಾತು: "ತಮಾ, ಸೀನು ಬಂದ್ರೆ ಬಾಯಿ ತೆಗಿ." ಅದು ಸರಿಯೇ. ಬಾಯಿ ಮುಚ್ಚಿ ಸೀನಿದರೆ, ಮೂಗು ಸೀದಿದರೆ ರಕ್ತ ಬರಬಹುದು.

ಪ್ಯಾಕ್ ತೆಗೆದ ತಕ್ಷಣ ಉಸಿರು ಸರಾಗ ಆಗುತ್ತದೆ ಅಂದುಕೊಳ್ಳಬೇಡಿ. ಒಳಗೆ ಊತ ಇರುತ್ತದೆ, ಹೆಪ್ಪು ಕಟ್ಟಿರುತ್ತದೆ. ಆ ಹೆಪ್ಪನ್ನು ತೊಳೆದು ತೆಗೆಯುವುದು ಉಪ್ಪುನೀರು. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ನಮ್ಮ ರಕ್ತದಲ್ಲಿರುವ ಹದಕ್ಕೆ ಹತ್ತಿರ, ಅದಕ್ಕೇ ಉರಿಯುವುದಿಲ್ಲ. ಡಾಕ್ಟರು ಶುರು ಮಾಡು ಅಂದ ದಿನದಿಂದ ಬೆಳಿಗ್ಗೆ ಸಂಜೆ ತಪ್ಪಿಸಲಿಲ್ಲ. ಬೇಸಿನ್ ಮೇಲೆ ಬಗ್ಗಿ, ತಲೆ ಓರೆ ಮಾಡಿ, ಬಾಯಲ್ಲಿ ಉಸಿರಾಡುತ್ತ, ಉಪ್ಪುನೀರಿನ ಬಾಟಲಿಯನ್ನು ಹೊಳ್ಳೆಗಿಟ್ಟು ಮೆಲ್ಲಗೆ ಒತ್ತಬೇಕು. ಕಂದು ಬಣ್ಣದ ಹಕ್ಕಳೆ ನೆನೆದು ತಾನಾಗಿ ಜಾರಿ ಬರುತ್ತದೆ. ಬೆರಳು ಹಾಕಿ ಕೀಳಲೇಬಾರದು.

ನೀರಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ನಮ್ಮ ಬಾವಿ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿ ಆರಿಸದೆ ಮೂಗಿಗೆ ಹಾಕಬೇಡಿ. ಕುಡಿದರೆ ಏನೂ ಮಾಡದ ಒಂದು ಅಮೀಬಾ ಮೂಗಿನಿಂದ ಮೆದುಳಿಗೆ ಹತ್ತಬಲ್ಲದು. ಅಪರೂಪ, ಆದರೆ ಬಂದರೆ ಪ್ರಾಣಕ್ಕೇ ಸಂಚಕಾರ.

ಈಗ ಬಾಯಿ ಮುಚ್ಚಿ ಮಲಗುತ್ತೇನೆ. ಅಲರ್ಜಿ ಸ್ಪ್ರೇ ಬಿಟ್ಟಿಲ್ಲ, ಅಡಿಕೆ ಸುಲಿಯುವಾಗ ಮಾಸ್ಕ್ ತೆಗೆಯುವುದಿಲ್ಲ.