ನೀರೊಳಗೆ ಟಿಡಿಎಂಎ ನಡೆಸಿದೆ: ನನ್ನ ಅನುಭವ

"ನೀರಲ್ಲಿ ಟಿಡಿಎಂಎ ನಡೆಯಲ್ಲ ಮಾರಾಯ, ಗಡಿಯಾರ ಜಾರಿ ಹೋಗ್ತದೆ" ಅಂತ ಗೆಳೆಯರೆಲ್ಲ ಹೇಳಿದ್ದರು. ಟಿಡಿಎಂಎ ಅಂದರೆ ಒಬ್ಬೊಬ್ಬರಿಗೂ ಒಂದೊಂದು ಹೊತ್ತು (ಸ್ಲಾಟ್) ಹಂಚಿ, ಸರದಿಯಲ್ಲಿ ಮಾತಾಡಿಸುವುದು; ಗಡಿಯಾರ ತಪ್ಪಿದರೆ ಸರದಿಯೂ ತಪ್ಪುತ್ತದೆ. ಈ ಬೇಸಿಗೆಯಲ್ಲಿ ಮಲ್ಪೆಯ ಹೊರಗೆ, ಕಡಲ ನೀರೊಳಗಿಂದ ರೀಡಿಂಗ್‌ಗಳನ್ನು ಶಬ್ದದ ಮೂಲಕ ಕಳಿಸುವ ನನ್ನ ನಾಲ್ಕು ನೋಡ್‌ಗಳು 19 ದಿನ ಒಂದೇ ಸಮನೆ ಕೆಲಸ ಮಾಡಿವೆ. ನೂರು ರೀಡಿಂಗ್‌ನಲ್ಲಿ ಹೆಚ್ಚುಕಮ್ಮಿ 97, ಎಲ್ಲ ನೋಡ್‌ಗಳ ಮಾತು ಕೇಳಿಸಿಕೊಳ್ಳುವ ಗೇಟ್‌ವೇಗೆ ಮುಟ್ಟಿವೆ.

ಮೊದಲ ವರ್ಷ ಅಲೋಹಾ ಹಾಕಿದ್ದೆ, ಅಂದರೆ ಸರದಿ ನೋಡದೆ ಬೇಕೆನಿಸಿದಾಗ ಕಳಿಸಿಬಿಡುವುದು. ಅರ್ಧದಷ್ಟೂ ಬರಲಿಲ್ಲ. ಆಮೇಲೆ ಆರ್‌ಟಿಎಸ್–ಸಿಟಿಎಸ್, ಅಂದರೆ ಮೊದಲು ಒಪ್ಪಿಗೆ ಕೇಳಿ ಆಮೇಲೆ ಕಳಿಸುವುದು. ದೂರದ ನೋಡ್ 1.2 ಕಿ.ಮೀ. ಆಚೆ ಇತ್ತು, ಅಂದರೆ ಶಬ್ದಕ್ಕೆ ಒಂದು ದಾರಿಗೆ 0.8 ಸೆಕೆಂಡ್. ಕೇಳು, ಒಪ್ಪು, ಕಳಿಸು, ಬಂತು ಅನ್ನು: ನಾಲ್ಕು ಸಲ ನೀರು ದಾಟಬೇಕು. 1.3 ಸೆಕೆಂಡಿನ ಪ್ಯಾಕೆಟ್‌ಗೆ (ಒಂದು ಕಂತು ಸಂದೇಶಕ್ಕೆ) 3 ಸೆಕೆಂಡಿಗಿಂತ ಜಾಸ್ತಿ ಸುಮ್ನೆ ಕಾಯುವುದು! ಬ್ಯಾಟರಿ ಐದೇ ದಿನಕ್ಕೆ ಮುಗಿಯಿತು.

ಕೊನೆಗೆ ಹೊಳೆದದ್ದು ಇಷ್ಟು. ಎರಡು ಪ್ಯಾಕೆಟ್ ನೀರಲ್ಲಿ ಒಟ್ಟಿಗೆ ಇದ್ದರೆ ತೊಂದರೆಯಿಲ್ಲ, ಗೇಟ್‌ವೇಗೆ ಒಟ್ಟಿಗೆ ತಲುಪಬಾರದು. ಹಾಗಾಗಿ ಸ್ಲಾಟ್‌ಗಳನ್ನು ಕಳಿಸುವ ಹೊತ್ತಿನಿಂದ ಅಲ್ಲ, ತಲುಪುವ ಹೊತ್ತಿನಿಂದ ಎಣಿಸಿದೆ. ದೂರದವನು ಬೇಗ ಹೊರಡುತ್ತಾನೆ, ಹತ್ತಿರದವನು ತಡವಾಗಿ. ಗಾರ್ಡ್ ಟೈಮ್, ಅಂದರೆ ಎರಡು ಸ್ಲಾಟ್‌ಗಳ ನಡುವೆ ಖಾಲಿ ಬಿಡುವ ಹೊತ್ತು, 0.8ರಿಂದ 0.2 ಸೆಕೆಂಡಿಗೆ ಇಳಿಯಿತು. ದೂರ ತಿಳಿಯಲು ಪ್ರತಿ ನೋಡನ್ನು ಐದು ಸಲ ಕರೆದು, ಉತ್ತರ ಬರಲು ಹಿಡಿದ ಹೊತ್ತನ್ನು ಅಳೆಯುತ್ತೇನೆ. ಆ ಐದರಲ್ಲಿ ಯಾವುದನ್ನು ನಂಬಬೇಕು ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಗಡಿಯಾರಕ್ಕೆ ದುಬಾರಿ ಟಿಸಿಎಕ್ಸ್‌ಓ (ಬಿಸಿ-ತಂಪಿಗೆ ಅಷ್ಟಾಗಿ ಜಾರದ ಕ್ರಿಸ್ಟಲ್) ತಗೋ ಅಂದಿದ್ದರು. ತಗೊಳ್ಳಲಿಲ್ಲ. 20 ಪಿಪಿಎಂನ (ಹತ್ತು ಲಕ್ಷಕ್ಕೆ 20ರಷ್ಟು ತಪ್ಪುವ) ಸಾದಾ ಕ್ರಿಸ್ಟಲ್ ದಿನಕ್ಕೆ 1.7 ಸೆಕೆಂಡ್ ಜಾರುತ್ತದೆ, ನಿಜ. ಆದರೆ ಗೇಟ್‌ವೇ ನಿಮಿಷಕ್ಕೊಮ್ಮೆ ಒಂದೇ ಕೂಗಿನಲ್ಲಿ ಎಲ್ಲರಿಗೂ ಸಮಯವನ್ನೂ 'ಬಂತು' ಅನ್ನುವ ಆ್ಯಕ್ ಅನ್ನೂ ಕೊಡುತ್ತದೆ. ಒಂದು ಗಂಟೆ ಅದು ಕೇಳಿಸದಿದ್ದರೂ ಜಾರುವುದು 72 ಮಿಲಿಸೆಕೆಂಡ್ ಮಾತ್ರ. ಅದಕ್ಕೂ ಮೀರಿದರೆ ನೋಡ್ ಬಾಯಿ ಮುಚ್ಚಿಕೊಂಡು ಬರೀ ಕೇಳುತ್ತಾ ಕೂರಬೇಕು. ಈ ನಿಯಮ ಇಲ್ಲದೆ ಒಂದು ನೋಡ್ ಉಳಿದ ಮೂರನ್ನೂ ಎರಡು ದಿನ ಹಾಳು ಮಾಡಿತ್ತು.

ಇಷ್ಟಾದರೂ ಸಂಜೆಯಾದರೆ ಪ್ಯಾಕೆಟ್ ಕಾಣೆಯಾಗುತ್ತಿದ್ದವು. ಸ್ಲಾಟ್‌ಗಳಲ್ಲೇ ದೋಷ ಅಂದುಕೊಂಡು ಮೂರು ವಾರ ಕೋಡ್ ಕೆದಕಿದೆ. ಒಂದು ರಾತ್ರಿ ಹೈಡ್ರೋಫೋನ್ (ನೀರೊಳಗಿನ ಮೈಕ್) ಇಳಿಸಿ ಕೇಳಿದರೆ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು. ಕೊಂಡಿ ಬಡಿಯುವ ಸೀಗಡಿಗಳು! ಅವುಗಳ ಸದ್ದಿನಲ್ಲೇ ನನ್ನ ಪ್ಯಾಕೆಟ್‌ಗಳು ಮುಳುಗುತ್ತಿದ್ದವು. ಆ ರೆಕಾರ್ಡಿಂಗ್ ಹಿಡಿದು ಇನ್ನೂ ಒಂದು ವಾರ ಕಳೆದೆ, ಸಿಡಿತ ಗಂಟೆ ಗಂಟೆಗೆ ಎಷ್ಟು ಅಂತ ಎಣಿಸಿದೆ. ನನ್ನ ಕೆಲಸಕ್ಕೆ ಬೇಕಿರಲಿಲ್ಲ, ಆದರೆ ಬಿಡಲು ಮನಸ್ಸಾಗಲಿಲ್ಲ. ಪರಿಹಾರ ಬೇರೆಯೇ ಇತ್ತು. ಎಂಟು ಪ್ಯಾಕೆಟ್‌ಗೆ ಎರಡು ಹೆಚ್ಚುವರಿ ಸೇರಿಸಿ ಹತ್ತು ಕಳಿಸಿದೆ. ಯಾವ ಎಂಟು ಬಂದರೂ ಸಾಕು. ಒಂದೊಂದಕ್ಕೂ ಆ್ಯಕ್ ಕಾಯುವುದು ತಪ್ಪಿತು.

ಖರ್ಚು? ದೋಣಿಗೆ ದಿನಕ್ಕೆ ಸುಮಾರು 6,000. ಒಂದು ನೋಡ್ ಯಾರದೋ ಬಲೆಗೆ ಸಿಕ್ಕಿ ಹೋಯಿತು, 50 ಸಾವಿರದ ಮೇಲೆ ನಷ್ಟ. ದೋಣಿ ನಡೆಸುವ ತಾಂಡೇಲರು ಮೊದಲೇ ಹೇಳಿದ್ದರು, "ಅಲ್ಲಿ ಬಿಡಬೇಡಿ, ಟ್ರಾಲ್ ಎಳೆಯುವ ದಾರಿ ಅದು" ಅಂತ. ಆಮೇಲೆ ಜಾಗ ಆರಿಸಿದ್ದೆಲ್ಲ ಅವರೇ.

ಜೂನ್‌ಗೆ ಮೊದಲು ಎಲ್ಲವನ್ನೂ ಮೇಲೆತ್ತಿದೆ. ಮಳೆ ಕಳೆದ ಮೇಲೆ ಐದನೆಯ ನೋಡನ್ನು ದೋಣಿಗೇ ಕಟ್ಟಿ ಓಡಿಸುತ್ತೇನೆ. ಅದರ ದೂರ ಬದಲಾಗುತ್ತಲೇ ಇರುತ್ತದೆ. 0.2 ಸಾಲುತ್ತದಾ ಅಂತ ಆಗ ನೋಡಬೇಕು.