ರಿಮ್ ಬೆಂಡಾದರೆ ಮೊದಲು ಸೋಪಿನ ನೀರು
ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ, ನನ್ನ ಅಂಗಡಿಗೆ ಬರುವ ಕಾರುಗಳಲ್ಲಿ ರಿಮ್ ಬೆಂಡಾದವೇ ಜಾಸ್ತಿ. ಮೊದಲು ಸೋಪಿನ ನೀರು ಹಚ್ಚಿ. ಟೈರು ಕೂರುವ ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆ ಸಾಲಾಗಿ ಎದ್ದರೆ ಗಾಳಿ ಹೋಗುತ್ತಿರುವುದು ಅಲ್ಲೇ. ಟೈರು ಬಿಚ್ಚಿ ನೋಡಿ: ನಮ್ಮ ಉಪ್ಪುಗಾಳಿಗೆ ಸ್ಟೀಲಿನಲ್ಲಿ ತುಕ್ಕು, ಅಲಾಯ್‌ನಲ್ಲಿ (ಅಲ್ಯೂಮಿನಿಯಂ ಮಿಶ್ರಲೋಹದ ರಿಮ್) ಬಿಳಿ ಪುಡಿ. ಎಷ್ಟೋ ಸಲ ಅದನ್ನು ಬ್ರಷ್‌ನಿಂದ ಉಜ್ಜಿ ತೆಗೆದರೆ ಸೋರುವುದು ನಿಲ್ಲುತ್ತದೆ.

ಸ್ಟೀಲಿನ ಅಂಚು ಸ್ವಲ್ಪ ಮಡಚಿದ್ದರೆ ಮರದ ತುಂಡು ಇಟ್ಟು ಮೆಲ್ಲಗೆ ಬಡಿದು ಸರಿ ಮಾಡಬಹುದು. ಅಲಾಯ್‌ಗೆ ಮಾತ್ರ ಸುತ್ತಿಗೆ ತಾಗಿಸಲೇಬೇಡಿ, ಸೀಳಿಬಿಡುತ್ತದೆ. ರಿಮ್ಮನ್ನು ಒತ್ತಿ ನೇರ ಮಾಡುವ ಪ್ರೆಸ್ ಯಂತ್ರ ಇರುವಲ್ಲಿಗೆ ಒಯ್ಯಿರಿ. ಸ್ಪೋಕ್‌ನಲ್ಲಿ (ರಿಮ್ಮಿನ ನಡುವಿನಿಂದ ಅಂಚಿಗೆ ಹೋಗುವ ತೋಳು) ಕೂದಲೆಳೆಯಷ್ಟು ಬಿರುಕು ಕಂಡರೂ ವೆಲ್ಡಿಂಗ್ ಬೇಡ, ರಿಮ್ಮನ್ನೇ ಬದಲಿಸಿ. ಮನೆಮಂದಿಯೆಲ್ಲ ಕೂತು ಹೋಗುವ ಗಾಡಿ ಅದು. ಚಕ್ರ ಅದುರದಂತೆ ತೂಕ ಸರಿದೂಗಿಸುವ ಬ್ಯಾಲೆನ್ಸಿಂಗ್ ಮಾಡಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ, 50-100 ಕಿ.ಮೀ. ಓಡಿದ ಮೇಲೆ ಮತ್ತೆ ಸ್ಪ್ಯಾನರ್ ಹಾಕಿ ನೋಡಿ.