ದೆಹಲಿಯ ಪತ್ರಾಗಾರದಲ್ಲಿ ನಿಮ್ಮೂರಿನ ಫೈಲು ಹುಡುಕೋದು ಹೇಗೆ?

ಊರಿನ ಇತಿಹಾಸ ಬರೆಯಲು ಹೊರಟವರು ಗೆಜೆಟಿಯರ್ ಓದುತ್ತಾರೆ, ಶಾಸನ ಸಂಪುಟ ತಿರುವುತ್ತಾರೆ, ಹಿರಿಯರನ್ನು ಮಾತಾಡಿಸುತ್ತಾರೆ. ಬಹಳಷ್ಟು ಜನ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ದೆಹಲಿಯ ಜನಪಥದಲ್ಲಿರುವ ರಾಷ್ಟ್ರೀಯ ಪತ್ರಾಗಾರ ಅಂದರೆ ಅದೇನಿದ್ದರೂ ಪಿಎಚ್‌.ಡಿ. ಮಾಡುವವರಿಗೆ ಅಂತ ಒಂದು ಅಂಜಿಕೆ. ಅಷ್ಟೇನೂ ಅಂಜಬೇಕಿಲ್ಲ. ಅರ್ಧ ಕೆಲಸ ಈಗ ಮನೆಯಲ್ಲಿ ಕೂತೇ ಆಗುತ್ತದೆ. ಉಳಿದರ್ಧಕ್ಕೆ ಬೇಕಾಗಿರುವುದು ಡಿಗ್ರಿಗಿಂತ ಜಾಸ್ತಿ ತಾಳ್ಮೆ.

ಈ ಸಂಸ್ಥೆ ಶುರುವಾಗಿದ್ದು ಕಲ್ಕತ್ತೆಯಲ್ಲಿ, 1891ರ ಮಾರ್ಚ್ 11ರಂದು. ಆಗಿನ ಹೆಸರು ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್. ರಾಜಧಾನಿ ದೆಹಲಿಗೆ ಬಂದ ಮೇಲೆ ಲುಟ್ಯೆನ್ಸ್ ವಿನ್ಯಾಸದ ಈಗಿನ ಕಟ್ಟಡ 1926ರಲ್ಲಿ ಸಿದ್ಧವಾಯಿತು. ಕಲ್ಕತ್ತೆಯ ಕಾಗದಗಳೆಲ್ಲ ಇಲ್ಲಿಗೆ ಬಂದು ಮುಗಿಯುವಷ್ಟರಲ್ಲಿ 1937 ಆಗಿತ್ತು. ಸಂಶೋಧಕರಿಗೆ ಬಾಗಿಲು ತೆರೆದಿದ್ದು 1939ರಲ್ಲಿ. ಈಗ ನಡೆಯುತ್ತಿರುವುದು 1993ರ ಪಬ್ಲಿಕ್ ರೆಕಾರ್ಡ್ಸ್ ಕಾಯ್ದೆ ಮತ್ತು 1997ರ ನಿಯಮಗಳ ಪ್ರಕಾರ. ಗೌಪ್ಯ ಅಂತ ಮುದ್ರೆ ಬೀಳದ, 25 ವರ್ಷ ದಾಟಿದ, ಪತ್ರಾಗಾರಕ್ಕೆ ಒಪ್ಪಿಸಿದ ಕಡತಗಳನ್ನು ನಿಜವಾದ ಸಂಶೋಧನೆಗೆ ಬಂದವರು ಕೆಲವು ನಿರ್ಬಂಧಗಳಿಗೆ ಒಳಪಟ್ಟು ನೋಡಬಹುದು.

ಮೊದಲೇ ಒಂದು ಮಾತು. ತಾತನ ಪಹಣಿ, ಜನನ ಪ್ರಮಾಣಪತ್ರ, ಜಮೀನಿನ ಹದ್ದುಬಸ್ತಿನ ನಕ್ಷೆ ಹುಡುಕಿಕೊಂಡು ದೆಹಲಿಗೆ ರೈಲು ಹತ್ತಬೇಡಿ. ಅವೆಲ್ಲ ತಾಲ್ಲೂಕು ಕಚೇರಿ, ಸರ್ವೆ ಇಲಾಖೆಯ ಬಾಬತ್ತು. ಇಲ್ಲಿರುವುದು ಕೇಂದ್ರ ಸರ್ಕಾರದ ಕಾಗದ.

ನಿಮ್ಮೂರು ಯಾರ ಕೈಯಲ್ಲಿತ್ತು?

ಲೈಬ್ರರಿಯಲ್ಲಿ ಪುಸ್ತಕಗಳು ವಿಷಯವಾರು ಇರುತ್ತವೆ, ಅಲ್ವಾ? ಪತ್ರಾಗಾರದಲ್ಲಿ ಹಾಗಿಲ್ಲ. ಯಾವ ಕಚೇರಿ ಕಾಗದ ಇಟ್ಟುಕೊಂಡಿತ್ತೋ ಅದರ ಹೆಸರಲ್ಲೇ ಅದು ಇವತ್ತಿಗೂ ಕೂತಿರುತ್ತದೆ. ಹಾಗಾಗಿ 'ನಮ್ಮೂರಿನ ಬಗ್ಗೆ ಏನಿದೆ?' ಅಂತ ಕೇಳಿದರೆ ಉತ್ತರ ಸಿಗದು. 'ನಮ್ಮೂರಿನ ವಿಚಾರ ಯಾರ ಮೂಲಕ, ಕಲ್ಕತ್ತೆಯ ಅಥವಾ ದೆಹಲಿಯ ಯಾವ ಮೇಜಿಗೆ ಹೋಗುತ್ತಿತ್ತು?' ಅಂತ ಕೇಳಿಕೊಳ್ಳಬೇಕು. ಇದೊಂದು ಗೊತ್ತಿಲ್ಲದೆ ಹೊರಟವರು ಸುಮ್ನೆ ದಿನ ಕಳೆದು ಬರುತ್ತಾರೆ.

ಕನ್ನಡ ನಾಡಿನಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಹಳೇ ಮೈಸೂರಿನ ವಿಚಾರ ಬ್ರಿಟಿಷ್ ರೆಸಿಡೆಂಟರ (ಸಂಸ್ಥಾನದಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿ) ಮೂಲಕ, ಸಂಸ್ಥಾನಗಳ ವಿಚಾರ ನೋಡುತ್ತಿದ್ದ ಫಾರಿನ್ ಡಿಪಾರ್ಟ್‌ಮೆಂಟಿಗೆ ಹೋಗುತ್ತಿತ್ತು. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳೇ ಆಡಳಿತ ನಡೆಸಿದ್ದರಿಂದ ಆ ಐವತ್ತು ವರ್ಷದ ಕಾಗದ ಹೆಚ್ಚು. ಕೊಡಗನ್ನು 1834ರಲ್ಲಿ ಬ್ರಿಟಿಷರು ವಶಪಡಿಸಿಕೊಂಡರು. 1881ರ ನಂತರ ಹಲವು ದಶಕ ಮೈಸೂರಿನ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರ್ ಕೂಡ ಆಗಿದ್ದರು. ನಡುವೆ ಪ್ರಾಂತ ಸರ್ಕಾರ ಅಂತ ಇರಲಿಲ್ಲವಾದ್ದರಿಂದ ಕೊಡಗಿನವರಿಗೆ ದೆಹಲಿ ನಿಜಕ್ಕೂ ಒಳ್ಳೇ ಜಾಗ. ಬೆಂಗಳೂರು ದಂಡಿನವರಿಗೂ ಅಷ್ಟೇ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ 1947ರಲ್ಲಿ ಮೈಸೂರಿಗೆ ವಾಪಸ್ ಆಗುವವರೆಗೆ ರೆಸಿಡೆಂಟರ ಕೈಯಲ್ಲೇ ಇತ್ತು.

ಧಾರವಾಡ, ಬೆಳಗಾವಿ, ವಿಜಯಪುರದವರ ಕತೆ ಬೇರೆ. ಅವರ ಕಾಗದ ಬೊಂಬಾಯಿ ಸರ್ಕಾರದ್ದು. ದೊಡ್ಡ ಗಲಾಟೆಯೋ ದೊಡ್ಡ ಖರ್ಚೋ ಇದ್ದರೆ ಮಾತ್ರ ಕೇಂದ್ರಕ್ಕೆ ಹೋಗುತ್ತಿತ್ತು. ಹಾಗಾಗಿ ಮುಂಬೈಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರ ಮೊದಲು, ದೆಹಲಿ ಆಮೇಲೆ. ಮಂಗಳೂರು, ಬಳ್ಳಾರಿಯವರಿಗೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ. ಕಾರವಾರ, ಕುಮಟಾದವರು ಇನ್ನೊಂದು ನೆನಪಿಡಬೇಕು: ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಬೊಂಬಾಯಿಗೆ ಸೇರಿತು. ಅದಕ್ಕಿಂತ ಹಿಂದಿನದು ಚೆನ್ನೈಯಲ್ಲಿ, ಮುಂದಿನದು ಮುಂಬೈಯಲ್ಲಿ. ಕಲಬುರಗಿ, ರಾಯಚೂರು, ಬೀದರ್‌ ನಿಜಾಮರದು, ಅದಕ್ಕೆ ಹೈದರಾಬಾದ್ ನೋಡಬೇಕು. ಅದರಲ್ಲೂ ರಾಯಚೂರು ದೋಆಬ್ 1853ರಿಂದ 1860ರವರೆಗೆ ಬ್ರಿಟಿಷರ ಕೈಲಿತ್ತು. ಜಮಖಂಡಿ, ಮುಧೋಳ, ಸವಣೂರು, ಸಂಡೂರು ಸಣ್ಣಪುಟ್ಟ ಸಂಸ್ಥಾನಗಳಾಗಿದ್ದವು. ಇವುಗಳ ಉತ್ತರಾಧಿಕಾರದ ಜಗಳಗಳಿಗೆ ದೆಹಲಿಯ ಫೈಲುಗಳಲ್ಲಿ ಬರ ಇಲ್ಲ.

ಇಸವಿಗೆ ತಕ್ಕ ಇಲಾಖೆ

ಇಲಾಖೆಗಳ ಹೆಸರು ಕಾಲಕಾಲಕ್ಕೆ ಬದಲಾಗಿದೆ. ಫಾರಿನ್ ಡಿಪಾರ್ಟ್‌ಮೆಂಟ್ 1914ರಲ್ಲಿ ಫಾರಿನ್ ಅಂಡ್ ಪೊಲಿಟಿಕಲ್ ಆಯಿತು. 1937ರಲ್ಲಿ ಅದು ಎರಡಾಗಿ ಒಡೆದು, ಸಂಸ್ಥಾನಗಳ ವಿಚಾರ ಪೊಲಿಟಿಕಲ್ ಡಿಪಾರ್ಟ್‌ಮೆಂಟಿಗೆ ಹೋಯಿತು. ಅಂದರೆ 1938ರ ವಿದುರಾಶ್ವತ್ಥದ ಗೋಲಿಬಾರಿನ ಕಾಗದವನ್ನು ಫಾರಿನ್ ಹೆಸರಲ್ಲಿ ಹುಡುಕಿದರೆ ಕೈಗೆ ಏನೂ ಬರದು.

ಸ್ವಾತಂತ್ರ್ಯ ಹೋರಾಟದ ಬಗ್ಗೆ ಹುಡುಕುವವರಿಗೆ ಒಂದು ಸುಲಭ ದಾರಿ ಇದೆ. ಪ್ರತಿ ಪ್ರಾಂತ ಸರ್ಕಾರ ಹದಿನೈದು ದಿನಕ್ಕೊಮ್ಮೆ ತನ್ನ ರಾಜಕೀಯ ಪರಿಸ್ಥಿತಿಯ ವರದಿಯನ್ನು ಹೋಮ್ ಡಿಪಾರ್ಟ್‌ಮೆಂಟಿಗೆ ಕಳಿಸಬೇಕಿತ್ತು. ಇವೇ 'ಫೋರ್ಟ್‌ನೈಟ್ಲಿ ರಿಪೋರ್ಟ್ಸ್'. ಹೋಮ್ ಡಿಪಾರ್ಟ್‌ಮೆಂಟಿನ ಪೊಲಿಟಿಕಲ್ ಬ್ರಾಂಚಿನಲ್ಲಿ ಇವಕ್ಕೆ 18 ಅನ್ನುವ ನಂಬರು, ಪಕ್ಕದಲ್ಲಿ ತಿಂಗಳು, ಇಸವಿ. 1942ರ ಆಗಸ್ಟ್ ಬೇಕಿದ್ದರೆ 18/8/42. ಬೆಳಗಾವಿ, ಧಾರವಾಡದ ಸುದ್ದಿಗೆ ಬೊಂಬಾಯಿ ವರದಿಯ ಪುಟ, ಮಂಗಳೂರಿಗೆ ಮದ್ರಾಸಿನದು. ನಾಲ್ಕೈದು ಸಾಲೇ ಇರಬಹುದು. ಆದರೂ ಆ ದಿನ ಸರ್ಕಾರಕ್ಕೆ ಯಾವುದರ ಭಯ ಇತ್ತು ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಬರೆದವರು ಪೊಲೀಸರ ಮಾತು ಕೇಳಿ ಬರೆದ ಅಧಿಕಾರಿಗಳು ಅನ್ನುವುದನ್ನು ಮಾತ್ರ ಮರೆಯಬೇಡಿ.

ಮನೆಯಲ್ಲೇ ಕೂತು ಹುಡುಕುವುದು

ಪತ್ರಾಗಾರದ ಆನ್‌ಲೈನ್ ಪೋರ್ಟಲ್ ಹೆಸರು 'ಅಭಿಲೇಖ್ ಪಟಲ್'. 2015ರಿಂದ ನಡೆಯುತ್ತಿದೆ. ಹೆಸರು, ಇಮೇಲ್ ಕೊಟ್ಟು ನೋಂದಾಯಿಸಿಕೊಳ್ಳಿ. ಹುಡುಕಿದಾಗ ಪ್ರತಿ ಫೈಲಿನ ವಿಷಯ, ಇಲಾಖೆ, ಬ್ರಾಂಚು, ಇಸವಿ, ನಂಬರು ಕಾಣುತ್ತವೆ. ಸ್ಕ್ಯಾನ್ ಆಗಿದ್ದರೆ ಪುಟಗಳನ್ನೇ ತೆರೆದು ಓದಬಹುದು. ಆಗಿಲ್ಲದಿದ್ದರೆ ಸ್ಕ್ಯಾನ್ ಮಾಡಿಕೊಡಿ ಎಂದು ಪೋರ್ಟಲ್ ಮೂಲಕವೇ ಕೇಳಿಕೊಳ್ಳುವ ಅನುಕೂಲ ಇದೆ.

ಹುಡುಕುವಾಗ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು, ಅದೂ ಆ ಕಾಲದ ಇಂಗ್ಲಿಷು. ಶ್ರೀರಂಗಪಟ್ಟಣ 'ಸೆರಿಂಗಪಟಂ', ಮಡಿಕೇರಿ 'ಮರ್ಕಾರಾ', ಚಿತ್ರದುರ್ಗ 'ಚಿತಲ್‌ಡ್ರೂಗ್', ಧಾರವಾಡ 'ಧಾರ್ವಾರ್'. ಕಿತ್ತೂರು, ತುಮಕೂರಿಗೆಲ್ಲ ಕೊನೆಯಲ್ಲಿ 'ಯು' ಬದಲು ಎರಡು 'ಓ' ಹಾಕಿಯೂ ನೋಡಿ. ಒಂದೇ ಊರನ್ನು ಮೂರು ಥರ ಬರೆದಿರುತ್ತಾರೆ. ಮೂರನ್ನೂ ಹಾಕಬೇಕು, ಬೇರೆ ದಾರಿ ಇಲ್ಲ.

ವಿಷಯಕ್ಕೂ ಇದೇ ಮಾತು. ಫೈಲಿಗೆ ಹೆಸರಿಟ್ಟಿದ್ದು ಬ್ರಿಟಿಷ್ ಕಚೇರಿಯ ಗುಮಾಸ್ತ. ಅವನ ಪಟ್ಟಿಯಲ್ಲಿ ನಮ್ಮ ಹೋರಾಟ 'ಅಜಿಟೇಷನ್', 'ಸೆಡಿಷನ್', 'ಡಿಸ್ಟರ್ಬೆನ್ಸಸ್'. ಜನರ ಗೋಳು 'ಪಿಟಿಷನ್' ಅಥವಾ 'ಮೆಮೋರಿಯಲ್'. 1830-31ರ ನಗರ (ಶಿವಮೊಗ್ಗ ಕಡೆಯ ಬಿದನೂರು) ದಂಗೆಯ ಬಗ್ಗೆ ಬೇಕಿದ್ದರೆ ಊರಿನ ಹೆಸರಿನ ಜೊತೆ ಇಂಥ ಪದ ಸೇರಿಸಿ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗಿನ ವಿಚಾರವಾದರೆ ಎರಡು ಕಡೆ ನೋಡಿ: ದಂಡು ರೆಸಿಡೆಂಟರ ಕೈಲಿದ್ದ ಕಾರಣ ಫಾರಿನ್ ಡಿಪಾರ್ಟ್‌ಮೆಂಟಿನ ಇಂಟರ್ನಲ್ ಬ್ರಾಂಚು, ರೋಗದ ವಿಚಾರವಾದ್ದರಿಂದ ಹೋಮ್ ಡಿಪಾರ್ಟ್‌ಮೆಂಟಿನ ಸ್ಯಾನಿಟರಿ ಬ್ರಾಂಚು. 'ಬೆಂಗಳೂರು' ಅಂತಷ್ಟೇ ಹಾಕಿದರೆ ಕುದುರೆ ಲಾಯದ ರಿಪೇರಿಯಿಂದ ಹಿಡಿದು ಎಲ್ಲವೂ ಬಂದು ಬೀಳುತ್ತದೆ. ಇಸವಿಯ ಫಿಲ್ಟರ್ ಹಾಕಿ, ಆಮೇಲೆ ಇಲಾಖೆಯದು.

ಸಿಕ್ಕಿದ್ದನ್ನೆಲ್ಲ ಒಂದು ಪಟ್ಟಿ ಮಾಡಿಕೊಳ್ಳಿ. ಇಲಾಖೆ, ಬ್ರಾಂಚು, ತಿಂಗಳು, ಇಸವಿ, ನಂಬರು. ದೆಹಲಿಯಲ್ಲಿ ನಿಮ್ಮ ಬಂಡವಾಳ ಈ ಪಟ್ಟಿಯೇ.

ದೆಹಲಿಗೆ ಹೋದಾಗ

ಸೆಂಟ್ರಲ್ ಸೆಕ್ರೆಟೇರಿಯೆಟ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು. ಫೋಟೊ ಇರುವ ಗುರುತಿನ ಚೀಟಿ, ಅದರ ನಕಲು ಇರಲಿ. ಕಾಲೇಜು, ವಿಶ್ವವಿದ್ಯಾಲಯ ಅಥವಾ ಯಾವುದಾದರೂ ಸಂಸ್ಥೆಯ ನಂಟಿದ್ದರೆ ಅವರ ಲೆಟರ್‌ಹೆಡ್‌ನಲ್ಲಿ ನಿಮ್ಮ ವಿಷಯ ಹೇಳುವ ಪರಿಚಯ ಪತ್ರ ತಗೊಳ್ಳಿ. ಯಾವ ಸಂಸ್ಥೆಯೂ ಇಲ್ಲದವರು ಹೊರಡುವ ಮುಂಚೆಯೇ ಪತ್ರಾಗಾರಕ್ಕೆ ಬರೆದು, ಏನೇನು ಬೇಕು ಅಂತ ಕೇಳಿಕೊಳ್ಳುವುದು ವಾಸಿ. ಅಮೆರಿಕ, ಇಂಗ್ಲೆಂಡಿನ ಪೌರತ್ವ ಪಡೆದ ನಮ್ಮ ಕನ್ನಡಿಗರು ವಿದೇಶಿಯರ ಲೆಕ್ಕಕ್ಕೆ ಬರುತ್ತಾರೆ. ಅವರಿಗೆ ದೆಹಲಿಯಲ್ಲಿರುವ ತಮ್ಮ ದೇಶದ ರಾಯಭಾರ ಕಚೇರಿಯ ಪತ್ರವೂ ಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಟಿಕೆಟ್ ಬುಕ್ ಮಾಡುವ ಮುಂಚೆಯೇ ಶುರು ಮಾಡಿ.

ಸಂಶೋಧನಾ ಕೊಠಡಿಗೆ ಬ್ಯಾಗು ಒಯ್ಯುವ ಹಾಗಿಲ್ಲ. ಬರೆದುಕೊಳ್ಳಲು ಪೆನ್ಸಿಲ್ಲೇ ಇಟ್ಟುಕೊಳ್ಳಿ. ಅಲ್ಲಿ ಫೈಲನ್ನು ನೀವೇ ಕಪಾಟಿನಿಂದ ತೆಗೆಯುವುದಿಲ್ಲ. ಬೇಡಿಕೆ ಚೀಟಿ ತುಂಬಿ ಕೊಡಬೇಕು, ಸಿಬ್ಬಂದಿ ಉಗ್ರಾಣದಿಂದ ತಂದುಕೊಡುತ್ತಾರೆ. ಚೀಟಿಯಲ್ಲಿ 'ಫಾರಿನ್, 1885' ಅಂತ ಬರೆದರೆ ಸಾಲದು. ಫಾರಿನ್ ಡಿಪಾರ್ಟ್‌ಮೆಂಟ್, ಇಂಟರ್ನಲ್ ಎ, ಇಂಥ ತಿಂಗಳು, ಇಂಥ ನಂಬರಿನಿಂದ ಇಂಥ ನಂಬರಿನವರೆಗೆ ಅಂತ ಪೂರ್ತಿ ಇರಬೇಕು. ಮುಖ್ಯ ಅನಿಸಿದ್ದಕ್ಕೆ 'ಎ', ಅಷ್ಟೇನಲ್ಲ ಅನಿಸಿದ್ದಕ್ಕೆ 'ಬಿ' ಅನ್ನುವುದು ಆಗಿನ ಕಚೇರಿಯ ಲೆಕ್ಕ. ಊರಿನ ಇತಿಹಾಸ ಬರೆಯುವವರು 'ಬಿ'ಯನ್ನು ಬಿಡಬಾರದು. ಸಾಮ್ರಾಜ್ಯಕ್ಕೆ ಚಿಲ್ಲರೆ ಅನಿಸಿದ್ದು ನಿಮ್ಮೂರಿಗೆ ದೊಡ್ಡ ಸಂಗತಿ ಆಗಿರಬಹುದು.

ಚೀಟಿ ಕೊಟ್ಟ ತಕ್ಷಣ ಫೈಲು ಬರುವುದಿಲ್ಲ. ಬೆಳಿಗ್ಗೆ ಮೊದಲ ಕೆಲಸವೇ ಚೀಟಿ ಹಾಕುವುದಾಗಲಿ. ಕೆಲವು ಚೀಟಿಗಳು ಫೈಲಿಲ್ಲದೆ ವಾಪಸ್ ಬರುತ್ತವೆ. ಮೇಲೆ 'ಎನ್‌ಟಿ' ಅಂತ ಇದ್ದರೆ ಆ ಇಲಾಖೆ ಫೈಲನ್ನು ಪತ್ರಾಗಾರಕ್ಕೆ ಕೊಟ್ಟೇ ಇಲ್ಲ ಅಂತ ಅರ್ಥ. 'ಬ್ರಿಟಲ್' ಅಂದರೆ ಮುಟ್ಟಿದರೆ ಪುಡಿಯಾಗುವ ಸ್ಥಿತಿ. ಇದು ಎಲ್ಲರಿಗೂ ಆಗುವಂಥದ್ದು, ಕೌಂಟರಿನಲ್ಲಿ ಜಗಳಕ್ಕೆ ನಿಲ್ಲಬೇಡಿ. ಬ್ರಿಟಲ್ ಆದದ್ದಕ್ಕೆ ಮೈಕ್ರೋಫಿಲ್ಮ್ ಅಥವಾ ಡಿಜಿಟಲ್ ಪ್ರತಿ ಇದೆಯಾ ಅಂತ ವಿಚಾರಿಸಿ. ಎನ್‌ಟಿ ಅಂತ ಬಂದ ಫೈಲಿಗಾಗಿ ಆ ಸಚಿವಾಲಯಕ್ಕೇ ಆರ್‌ಟಿಐ ಅರ್ಜಿ ಹಾಕಬಹುದು. 20 ವರ್ಷ ದಾಟಿದ ಮಾಹಿತಿಗೆ ಆರ್‌ಟಿಐ ಕಾಯ್ದೆಯ ಹೆಚ್ಚಿನ ವಿನಾಯಿತಿಗಳು ಅನ್ವಯಿಸುವುದಿಲ್ಲ.

ಫೈಲು ಕೈಗೆ ಬಂದ ಮೇಲೆ

ಫೈಲಿನಲ್ಲಿ ಎರಡು ಭಾಗ ಇರುತ್ತವೆ: ಪತ್ರವ್ಯವಹಾರ ಮತ್ತು ಟಿಪ್ಪಣಿ. ಹೊಸಬರು ಪತ್ರಗಳನ್ನು ಓದಿ ಮುಚ್ಚಿಟ್ಟುಬಿಡುತ್ತಾರೆ. ನನ್ನ ಕೇಳಿದರೆ ಸ್ವಾರಸ್ಯ ಇರುವುದು ಟಿಪ್ಪಣಿಯಲ್ಲಿ. 'ಕೆ.ಡಬ್ಲ್ಯು.' ಅಂತ ಗುರುತು ಹಾಕಿದ ಹಾಳೆಗಳು ಸಿಕ್ಕರೆ ಬಿಡಬೇಡಿ. ಕೀಪ್ ವಿತ್, ಅಂದರೆ ಇದನ್ನೂ ಜೊತೆಗಿಡಿ ಅಂತ. ಕೆಳಗಿನ ಅಧಿಕಾರಿ ಒಂದು ಹೇಳುತ್ತಾನೆ, ಮೇಲಿನವನು ಅದನ್ನು ಹೊಡೆದುಹಾಕುತ್ತಾನೆ, ಮೂರನೆಯವನು ಅಂಚಿನಲ್ಲಿ ವ್ಯಂಗ್ಯ ಮಾಡಿ ಎರಡಕ್ಷರದ ಸಹಿ ಹಾಕುತ್ತಾನೆ. ಕೊನೆಗೆ ಹೊರಗೆ ಹೋದ ಪತ್ರದಲ್ಲಿ ಈ ಜಗಳದ ಸುಳಿವೂ ಇರುವುದಿಲ್ಲ. ಮೈಸೂರಿನ ಒಂದು ಅರ್ಜಿಯನ್ನು ಯಾಕೆ ತಿರಸ್ಕರಿಸಿದರು ಅನ್ನುವುದಕ್ಕೆ ಪತ್ರದಲ್ಲಿ ನಯವಾದ ಒಂದು ಸಾಲು ಇರುತ್ತದೆ. ನಿಜವಾದ ಕಾರಣ ಟಿಪ್ಪಣಿಯಲ್ಲಿ ಸಿಗುತ್ತದೆ.

ಪ್ರತಿ ಬೇಕಿದ್ದರೆ ನಿಗದಿತ ಶುಲ್ಕ ಕಟ್ಟಿ ಜೆರಾಕ್ಸೋ ಸ್ಕ್ಯಾನೋ ಮಾಡಿಸಿಕೊಳ್ಳಬಹುದು. ದರ, ಪುಟಗಳ ಮಿತಿ, ಮೊಬೈಲ್ ಕ್ಯಾಮೆರಾದ ನಿಯಮ ಆಗಾಗ ಬದಲಾಗುತ್ತವೆ, ಹೋದ ದಿನವೇ ಕೇಳಿಕೊಳ್ಳಿ. ಖಾಸಗಿ ವ್ಯಕ್ತಿಗಳ ಸಂಗ್ರಹದ ಕಾಗದಗಳಿಗೆ ಕೊಟ್ಟವರು ಹಾಕಿದ ಷರತ್ತುಗಳೂ ಇರಬಹುದು.

ಬರೆದುಕೊಂಡ ಪ್ರತಿ ಹಾಳೆಯ ನೆತ್ತಿಯಲ್ಲೇ ಫೈಲಿನ ಪೂರ್ತಿ ವಿವರ ಹಾಕಿ. ಊರಿಗೆ ಬಂದು ಬರೆಯುವಾಗ 'ರಾಷ್ಟ್ರೀಯ ಪತ್ರಾಗಾರದ ದಾಖಲೆಯ ಪ್ರಕಾರ' ಅಂತಷ್ಟೇ ಬರೆದರೆ ಅದನ್ನು ಯಾರೂ ಪರೀಕ್ಷಿಸಿ ನೋಡಲಾರರು. ಇಲಾಖೆ, ಬ್ರಾಂಚು, ತಿಂಗಳು, ಇಸವಿ, ನಂಬರು ಇದೇ ಕ್ರಮದಲ್ಲಿ ಕೊಡಿ. ನೀವು ತುಂಬಿದ ಬೇಡಿಕೆ ಚೀಟಿಯಲ್ಲಿ ಇದ್ದದ್ದೂ ಇಷ್ಟೇ.

ಇನ್ನು ಫೈಲಿನಲ್ಲಿ 'ಮೈಸೂರು ಸರ್ಕಾರದಿಂದ ಬಂದ ಪತ್ರ ನೋಡಿ' ಅಂತ ಉಲ್ಲೇಖ ಸಿಕ್ಕಿ, ಆ ಪತ್ರವೇ ಅಲ್ಲಿ ಇಲ್ಲದಿದ್ದರೆ ದಿನಾಂಕ, ನಂಬರು ಗುರುತು ಹಾಕಿಕೊಂಡು ಬನ್ನಿ. ಅದರ ಕಚೇರಿ ಪ್ರತಿಯನ್ನು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಕೇಳಿ ನೋಡಬಹುದು. ಅಲ್ಲಿ ಸಿಗದಿದ್ದರೆ ಮೈಸೂರಿನ ವಿಭಾಗೀಯ ಕಚೇರಿಯಲ್ಲಿ ವಿಚಾರಿಸಿ.